ಸಂಬಂಧಪಟ್ಟವರು ಯಾರು?

ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋಗಿ, ‘ಮಗು ಅಜ್ಜ-ಅಜ್ಜಿ ಜೊತೆ ಫಾರಿನ್‌ಗೆ ಹೋಗ್ತಿದೆ, ಒಂದು ಕನ್ಸೆಂಟ್ ಲೆಟರ್ ಬೇಕಿತ್ತು’ ಅಂದರೆ ಅಲ್ಲಿ ಕೂತಾತ ತಲೆಯೆತ್ತಿಯೂ ನೋಡುವುದಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ನಮೂನೆಯೊಂದು ಸಿದ್ಧವಾಗಿಯೇ ಇರುತ್ತದೆ. ಹೋದ ವಾರ ಹೊರಟ ಇನ್ಯಾರದೋ ಮಗುವಿನ ಹೆಸರು ಅಳಿಸಿ ನಿಮ್ಮ ಮಗುವಿನ ಹೆಸರು ಹಾಕುತ್ತಾನೆ. ‘ಮಗ’ ಎಂದಿದ್ದುದನ್ನೆಲ್ಲ ‘ಮಗಳು’ ಮಾಡುವಾಗ ಒಂದೆರಡು ಕಡೆ ತಪ್ಪಿಹೋಗಿರುತ್ತದೆ. ನೀವೇ ಬೆರಳಿಟ್ಟು ತೋರಿಸಿ ತಿದ್ದಿಸಬೇಕು. ನೂರು ರೂಪಾಯಿಯ ಇ-ಸ್ಟಾಂಪ್ ಕಾಗದ, ಅಪ್ಪ-ಅಮ್ಮನ ಎರಡು ಸಹಿ, ನೋಟರಿಯ ದುಂಡು ಸೀಲು. ಅರ್ಧ ಗಂಟೆಯ ಕೆಲಸ. ಆ ಕಾಗದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲಿರುತ್ತದೆ: ‘ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್.’ ಅಂದರೆ, ಸಂಬಂಧಪಟ್ಟವರಿಗೆ.

ಯಾರು ಈ ಸಂಬಂಧಪಟ್ಟವರು? ಟೈಪು ಮಾಡಿದವನಿಗೂ ಗೊತ್ತಿಲ್ಲ, ಸೀಲು ಒತ್ತಿದ ನೋಟರಿಗೂ ಗೊತ್ತಿಲ್ಲ, ಸಹಿ ಹಾಕಿದ ಅಪ್ಪ-ಅಮ್ಮನಿಗೂ ಗೊತ್ತಿಲ್ಲ. ಅದು ಅವರ ತಪ್ಪೇನಲ್ಲ. ಹೆತ್ತವರು ಜೊತೆಗಿಲ್ಲದೆ ದೇಶ ಬಿಟ್ಟು ಹೋಗುವ ಮಗುವನ್ನು ಕಂಡು ‘ಇದು ನನಗೆ ಸಂಬಂಧಪಟ್ಟದ್ದು’ ಎನ್ನುವ ಕಚೇರಿಯೇ ನಮ್ಮಲ್ಲಿಲ್ಲ. ಅದಕ್ಕೆ ನಿಗದಿಯಾದ ಸರ್ಕಾರಿ ನಮೂನೆ ಇಲ್ಲ, ಕೊಡುವವರಿಲ್ಲ, ಎಲ್ಲ ಮಕ್ಕಳಿಂದಲೂ ಕೇಳಲೇಬೇಕೆಂಬ ನಿಯಮವೂ ಇಲ್ಲ. ಇವತ್ತಿಗೆ ಇದು ದೊಡ್ಡ ಸುದ್ದಿಯಾಗಿಲ್ಲ. ಸುದ್ದಿಯಾಗುವ ಮೊದಲೇ ಹೇಳಬೇಕಾದ ಮಾತೆಂದೇ ಇಲ್ಲಿ ಹೇಳುತ್ತಿದ್ದೇವೆ.

ಬೇಸಿಗೆ ರಜೆ ಬಂತೆಂದರೆ ನಮ್ಮ ಮಕ್ಕಳು ದೇಶ ದಾಟುವ ಕಾಲ ಬಂತೆಂದೇ ಅರ್ಥ. ಮಂಗಳೂರಿನಿಂದ ದುಬೈ, ಅಬುಧಾಬಿಗೆ ಹೋಗುವ ವಿಮಾನಗಳಲ್ಲಿ ಕೊರಳಿಗೆ ಪೌಚು ನೇತುಹಾಕಿಕೊಂಡ ಮಕ್ಕಳನ್ನು ಕಾಣಬಹುದು. ಈ ತುದಿಯಲ್ಲಿ ಅಜ್ಜ ಬಿಟ್ಟುಹೋಗುತ್ತಾರೆ, ಆ ತುದಿಯಲ್ಲಿ ಅಪ್ಪ ಕಾದಿರುತ್ತಾರೆ. ಬೆಂಗಳೂರಿನಲ್ಲಿ ಇದು ಉಲ್ಟಾ: ಅಮೆರಿಕದಲ್ಲಿರುವ ಮಗ-ಸೊಸೆಗೆ ರಜೆ ಸಿಗಲಿಲ್ಲ, ಹೋದ ಅಜ್ಜ-ಅಜ್ಜಿಯೇ ಮೊಮ್ಮಕ್ಕಳನ್ನು ಊರಿಗೆ ಕರೆತರುತ್ತಾರೆ. ಇನ್ನೊಂದು ಸಾಲೂ ಈಚೆಗೆ ಬೆಳೆದಿದೆ. ಕರಾಟೆ, ಯೋಗ, ಸ್ಕೇಟಿಂಗ್, ನೃತ್ಯ ಎಂದು ಟೀ-ಶರ್ಟ್ ತೊಟ್ಟ ಮಕ್ಕಳ ತಂಡಗಳು ಕೋಚ್ ಒಬ್ಬರ ಹಿಂದೆ ಬ್ಯಾಂಕಾಕಿಗೋ ಕೊಲಂಬೋಗೋ ಹೊರಟಿರುತ್ತವೆ. ಇವರಲ್ಲಿ ಬಹುಪಾಲು ಮಕ್ಕಳು ಸುಖವಾಗಿ ಹೋಗಿ ಸುಖವಾಗಿ ಬರುತ್ತಾರೆ. ಹಾಗೆ ಬರುತ್ತಿರುವುದು ಹಿರಿಯರ ಎಚ್ಚರದಿಂದ. ವ್ಯವಸ್ಥೆ ಅದಕ್ಕೆ ಕೈಜೋಡಿಸಿಲ್ಲ.

ಮಗುವಿಗೆ ಪಾಸ್‌ಪೋರ್ಟ್ ಮಾಡಿಸಿದವರಿಗೆಲ್ಲ ‘ಅನೆಕ್ಶರ್ ಡಿ’ ಗೊತ್ತು. ಮಗುವಿಗೆ ಪಾಸ್‌ಪೋರ್ಟ್ ಕೊಡಲು ನಮ್ಮ ಒಪ್ಪಿಗೆ ಇದೆ ಎಂದು ಅಪ್ಪ-ಅಮ್ಮ ಇಬ್ಬರೂ ಬರೆದುಕೊಡುವ ಘೋಷಣೆ ಅದು. ಒಬ್ಬರ ಸಹಿ ಸಿಗದಿದ್ದರೆ ‘ಅನೆಕ್ಶರ್ ಸಿ’ ಇದೆ; ಏಕೆ ಸಿಗಲಿಲ್ಲವೆಂದು ಕಾರಣ ಬರೆಯಬೇಕು. ಇಷ್ಟು ಬಿಗಿ ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಆ ಬಿಗಿಯೆಲ್ಲ ಪುಸ್ತಕ ಕೈಗೆ ಬರುವವರೆಗೆ ಮಾತ್ರ. ಪುಟ್ಟ ಮಗುವಿನ ಪಾಸ್‌ಪೋರ್ಟ್ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆ ಐದು ವರ್ಷದಲ್ಲಿ ಮಗು ಯಾರ ಜೊತೆ ಹೋಯಿತು, ಎಲ್ಲಿಗೆ ಹೋಯಿತು, ಹೆತ್ತವರಿಗೆ ಅದು ಗೊತ್ತಿತ್ತೆ ಎಂದು ಕೇಳುವ ಎರಡನೆಯ ಕಾಗದವಿಲ್ಲ. ಪುಸ್ತಕಕ್ಕೆ ಒಪ್ಪಿಗೆ ಬೇಕು, ಪ್ರಯಾಣಕ್ಕೆ ಬೇಡ ಎಂಬಂತಾಗಿದೆ. ಬೈಕಿನ ಆರ್‌ಸಿ ನೋಡಿ, ಓಡಿಸುತ್ತಿರುವವನ ಲೈಸೆನ್ಸ್ ಕೇಳದೆ ಬಿಟ್ಟ ಹಾಗೆ.

ವಲಸೆ ತಪಾಸಣೆ ಎಂಬುದೊಂದು ನಮ್ಮಲ್ಲಿ ಇದೆಯಲ್ಲ ಎನ್ನಬಹುದು. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೆಯ ತರಗತಿ ದಾಟದವರು ಕೊಲ್ಲಿ ದೇಶಗಳೂ ಸೇರಿದಂತೆ ಪಟ್ಟಿಯಲ್ಲಿರುವ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅನುಮತಿ ಬೇಕು. ಅದು ಕೂಲಿಕಾರರ ರಕ್ಷಣೆಗಾಗಿ ಬಂದದ್ದು. ಮಕ್ಕಳು ದುಡಿಯಲು ಹೋಗುವುದಿಲ್ಲವಲ್ಲ, ಹಾಗಾಗಿ 18ರೊಳಗಿನವರಿಗೆ ಆ ತಪಾಸಣೆಯಿಂದ ವಿನಾಯಿತಿ. ತರ್ಕ ಸರಿ. ಆದರೆ ಪರಿಣಾಮ ನೋಡಿ: ಮೂವತ್ತರ ಮೇಸ್ತ್ರಿಯನ್ನು ತಡೆದು ನಿಲ್ಲಿಸಿ ‘ಯಾರು ಕರೆಸಿಕೊಂಡರು, ಕರಾರು ತೋರಿಸು’ ಎನ್ನುವ ಸರ್ಕಾರದ ಬಳಿ, ಹದಿಮೂರರ ಹುಡುಗನನ್ನು ಕೇಳಲು ಒಂದು ಪ್ರಶ್ನೆಯೂ ಇಲ್ಲ.

ದಂಡಸಂಹಿತೆಯಲ್ಲಿ ಪ್ರಶ್ನೆ ಇದೆ, ನಿಜ. ಭಾರತೀಯ ನ್ಯಾಯ ಸಂಹಿತೆಯ 137ನೆಯ ಕಲಮು, ಒಪ್ಪಿಗೆ ಕೊಡಲು ಅಧಿಕಾರವಿರುವವರ ಒಪ್ಪಿಗೆಯಿಲ್ಲದೆ ಒಬ್ಬರನ್ನು ದೇಶದ ಗಡಿ ದಾಟಿಸುವುದನ್ನೂ, ಪೋಷಕರ ವಶದಿಂದ ಮಗುವನ್ನು ಕೊಂಡೊಯ್ಯುವುದನ್ನೂ ಅಪಹರಣವೆನ್ನುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಅಪರಾಧ ಎಂದು ಹೇಳಿದ ಕಾನೂನು, ಒಪ್ಪಿಗೆ ಇದೆಯೋ ಇಲ್ಲವೋ ಎಂದು ಬಾಗಿಲಲ್ಲೇ ತಿಳಿಯುವ ದಾರಿ ಮಾತ್ರ ಮಾಡಲಿಲ್ಲ. ಗಂಡ-ಹೆಂಡತಿ ಜಗಳ ನ್ಯಾಯಾಲಯಕ್ಕೆ ಹೋಗಿ, ಆದೇಶವಾಗಿ, ಲುಕ್‌ಔಟ್ ಸುತ್ತೋಲೆ ಹೊರಟಿದ್ದರೆ ಕೌಂಟರಿನಲ್ಲಿ ಮಗುವನ್ನು ತಡೆಯಬಹುದು. ನ್ಯಾಯಾಲಯಕ್ಕೆ ಹೋಗುವಷ್ಟು ತಿಳಿವಳಿಕೆ, ಹಣ, ಸಮಯ ಇಲ್ಲದವರ ಮಗುವಿಗೆ ಆ ತಡೆಯೂ ಇಲ್ಲ.

ಇಷ್ಟು ಕಾಲ ಇಲ್ಲದ ಆತಂಕ ಈಗೇಕೆ? ಎರಡು ಬದಲಾವಣೆಗಳು ನಮ್ಮ ಕಣ್ಣೆದುರಿಗೇ ಆಗಿವೆ.

ಮೊದಲನೆಯದು ವೀಸಾದ್ದು. ಹೆತ್ತವರ ಒಪ್ಪಿಗೆ ಪತ್ರವನ್ನು ನಾವು ಕೇಳದಿದ್ದರೂ ಬೇರೆಯವರು ಕೇಳುತ್ತಿದ್ದರು. ಯುರೋಪಿನ ಷೆಂಗೆನ್ ವೀಸಾಕ್ಕೆ, ಬ್ರಿಟನ್ನಿನ ವೀಸಾಕ್ಕೆ ಮಗುವಿನ ಅರ್ಜಿ ಹಾಕಿದರೆ ತಂದೆತಾಯಿಯ ಒಪ್ಪಿಗೆ ಎಲ್ಲಿ ಎಂದು ಆ ದೇಶದ ಕಚೇರಿಯೇ ಕೇಳುತ್ತದೆ. ಅಂದರೆ ನಮ್ಮ ಮಕ್ಕಳ ಕಾವಲನ್ನು ನಾವು ಪರದೇಶದ ಗುಮಾಸ್ತರಿಗೆ ವಹಿಸಿಬಿಟ್ಟಿದ್ದೆವು. ಆದರೆ 2023ರ ನವೆಂಬರಿನಿಂದ ಥಾಯ್ಲೆಂಡ್, ಡಿಸೆಂಬರಿನಿಂದ ಮಲೇಷ್ಯಾ ಭಾರತೀಯರನ್ನು ವೀಸಾ ಇಲ್ಲದೆ ಒಳಗೆ ಬಿಡತೊಡಗಿದವು. 2025ರ ಜೂನಿನಲ್ಲಿ ಫಿಲಿಪ್ಪೀನ್ಸ್ ಕೂಡ ಬಾಗಿಲು ತೆರೆಯಿತು. ಪ್ರವಾಸಿಗರಿಗೆ ಇದು ಹಬ್ಬ. ಆದರೆ ವೀಸಾ ಅರ್ಜಿಯ ಜೊತೆಗೆ, ‘ಅಪ್ಪ-ಅಮ್ಮನ ಸಹಿ ಎಲ್ಲಿ’ ಎಂದು ಕೇಳುತ್ತಿದ್ದ ಆ ಗುಮಾಸ್ತನೂ ಹೋದ. ಇದೇ ಥಾಯ್ಲೆಂಡಿನ ದಾರಿಯಾಗಿ ಮ್ಯಾನ್ಮಾರಿನ ಸೈಬರ್ ವಂಚನೆಯ ಶಿಬಿರಗಳಿಗೆ ನಮ್ಮ ಯುವಕರನ್ನು ಸಾಗಿಸಿದ್ದು, 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ನೂರಾರು ಮಂದಿಯನ್ನು ವಾಪಸು ಕರೆತಂದದ್ದು ನೆನಪಿರಬಹುದು. ಕೆಲಸದ ಆಸೆಗೆ ಬಿದ್ದ ದೊಡ್ಡವರೇ ಹಾಗೆ ಸಿಕ್ಕಿಬೀಳುವ ದಾರಿಯಲ್ಲಿ ಮಕ್ಕಳ ಪಾಡೇನು?

ಎರಡನೆಯದು ಗೇಟಿನದ್ದು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಏಳು ವಿಮಾನ ನಿಲ್ದಾಣಗಳಲ್ಲಿ, ಮೊದಲೇ ನೋಂದಾಯಿಸಿಕೊಂಡ ಪ್ರಯಾಣಿಕರು ಅಧಿಕಾರಿಯ ಮುಂದೆ ನಿಲ್ಲದೆ ತಾವೇ ದಾಟಿಹೋಗುವ ಇ-ಗೇಟುಗಳು ಶುರುವಾದವು. ಮುಖ ಮತ್ತು ಪಾಸ್‌ಪೋರ್ಟ್ ಒಬ್ಬರದೇ ಎಂದು ತಾಳೆ ನೋಡುವ ಕೆಲಸವನ್ನು ಯಂತ್ರ ಮನುಷ್ಯನಿಗಿಂತ ಚೆನ್ನಾಗಿಯೇ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಯಂತ್ರ ಬಗ್ಗಿ, ‘ಪುಟ್ಟಾ, ಜೊತೆಗೆ ಬಂದಿರೋರು ಯಾರು, ನಿಂಗೇನಾಗ್ಬೇಕು’ ಎಂದು ಕೇಳುವುದಿಲ್ಲ. ನಿಯಮ ಇಲ್ಲದ ಕಡೆ ಇಷ್ಟು ದಿನ ಕೆಲಸ ಮಾಡುತ್ತಿದ್ದದ್ದು ಒಬ್ಬ ಅಧಿಕಾರಿಯ ಅನುಮಾನ, ಒಬ್ಬಾಕೆಯ ತಾಯ್ತನ. ಯಂತ್ರಗಳು ಹೆಚ್ಚಿದಷ್ಟೂ ಆ ಅನುಮಾನಕ್ಕೆ ಜಾಗ ಕಡಿಮೆಯಾಗುತ್ತದೆ. ಆ ಜಾಗವನ್ನು ನಿಯಮವೇ ತುಂಬಬೇಕು.

ಇದು ಬರೀ ಊಹೆಯ ಭಯವಲ್ಲ. 2018ರ ಮಾರ್ಚಿನಲ್ಲಿ ಮುಂಬೈಯ ವರ್ಸೋವಾದ ಸಲೂನೊಂದರಲ್ಲಿ ಇಬ್ಬರು ಹುಡುಗಿಯರಿಗೆ ಮೇಕಪ್ ನಡೆಯುತ್ತಿತ್ತು. ಜೊತೆಗಿದ್ದ ಗಂಡಸರು, ಹುಡುಗಿಯರ ಮುಖ ಹೀಗೆ ಕಾಣಬೇಕು, ಹಾಗೆ ಕಾಣಬೇಕು ಎಂದು ಹೇಳುತ್ತಿದ್ದರು. ವಿಷಯ ತಿಳಿದ ನಟಿಯೊಬ್ಬರಿಗೆ ಅನುಮಾನ ಬಂತು, ಪೊಲೀಸರಿಗೆ ತಿಳಿಸಿದರು. ಎಳೆ ಹಿಡಿದು ಹೋದಾಗ ಸಿಕ್ಕದ್ದು ಪಾಸ್‌ಪೋರ್ಟ್ ಬಾಡಿಗೆಯ ದಂಧೆ. ಮುಖ ಹೋಲುವ ಬೇರೆ ಮಕ್ಕಳ ಪಾಸ್‌ಪೋರ್ಟ್ ಬಾಡಿಗೆಗೆ ಪಡೆದು, ಅದಕ್ಕೆ ತಕ್ಕಂತೆ ಮುಖ ತಿದ್ದಿಸಿ, ಗುಜರಾತಿನ ಮಕ್ಕಳನ್ನು ಅಮೆರಿಕಕ್ಕೆ ದಾಟಿಸಲಾಗುತ್ತಿತ್ತು. ತಲೆಗೆ 45 ಲಕ್ಷ ರೂಪಾಯಿಯಂತೆ ಸುಮಾರು 300 ಮಕ್ಕಳು ಹೀಗೆ ಹೋಗಿದ್ದಾರೆ ಎಂಬುದು ಪೊಲೀಸರ ಆರೋಪ. ವಿಮಾನ ನಿಲ್ದಾಣದ ಕೌಂಟರುಗಳಿಗೆ ಕಾಣದ್ದು ಸಲೂನಿನ ಕನ್ನಡಿಯಲ್ಲಿ ಕಂಡಿತು.

2023ರ ಡಿಸೆಂಬರ್ 21ರಂದು ಫ್ರಾನ್ಸಿನ ವಾಟ್ರಿ ಎಂಬ ಸಣ್ಣ ವಿಮಾನ ನಿಲ್ದಾಣದಲ್ಲಿ, ಯುಎಇಯ ಫುಜೈರಾದಿಂದ ನಿಕರಾಗುವಾಗೆ ಹೊರಟಿದ್ದ ವಿಮಾನವೊಂದನ್ನು ತಡೆದು ನಿಲ್ಲಿಸಿದರು. ಒಳಗಿದ್ದದ್ದು 303 ಪ್ರಯಾಣಿಕರು, ಬಹುಪಾಲು ಭಾರತೀಯರು. ಅವರಲ್ಲಿ 11 ಮಂದಿ ಜೊತೆಗೆ ಹೆತ್ತವರಾಗಲಿ ಪೋಷಕರಾಗಲಿ ಇಲ್ಲದ ಅಪ್ರಾಪ್ತರು. ಕ್ರಿಸ್‌ಮಸ್ ಹೊತ್ತಿನಲ್ಲಿ ನಿಲ್ದಾಣದ ಹಜಾರದಲ್ಲೇ ಮಂಚ ಹಾಕಿ ಅವರನ್ನೆಲ್ಲ ಮಲಗಿಸಿದರು. 26ರ ಬೆಳಗಿನ ಜಾವ 276 ಮಂದಿ ಮುಂಬೈಗೆ ಬಂದಿಳಿದರು. ಉಳಿದವರಲ್ಲಿ ಕೆಲವರು ಫ್ರಾನ್ಸಿನಲ್ಲೇ ಆಶ್ರಯ ಬೇಡಿದರು, ಅವರಲ್ಲಿ ಅಪ್ರಾಪ್ತರೂ ಇದ್ದರು. ಯೋಚಿಸಬೇಕಾದ ಸಂಗತಿ ಇಷ್ಟೇ: ಒಂಟಿ ಮಕ್ಕಳು ಹನ್ನೊಂದು ಎಂದು ಎಣಿಸಿದ್ದು ಫ್ರಾನ್ಸ್. ನಾವು ಎಣಿಸಿದ್ದೆವೆ?

ಅಮೆರಿಕವೂ ಎಣಿಸುತ್ತಿದೆ. 2022, 2023, 2024ರ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿನ ಗಡಿಗಳಲ್ಲಿ ಸಿಕ್ಕ ಒಂಟಿ ಭಾರತೀಯ ಮಕ್ಕಳು 1,656. ಇವರಲ್ಲಿ ಹಲವರನ್ನು ಹೆತ್ತವರೇ ಕಳಿಸಿರುತ್ತಾರೆ. ಅವರಿಗೆ ಒಪ್ಪಿಗೆ ಪತ್ರದ ನಿಯಮ ತಡೆಯಾಗದು ಎನ್ನುವವರೂ ಇದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಸಹಿ ಹಾಕಿದ ಕಾಗದದಲ್ಲಿ ಮಗು ಎಲ್ಲಿಗೆ, ಯಾರ ಹೊಣೆಯಲ್ಲಿ, ಎಂದು ವಾಪಸು ಎಂಬುದನ್ನು ಬರೆಯಬೇಕಾಗುತ್ತದೆ. ಬರೆದದ್ದಕ್ಕೆ ಉತ್ತರಿಸಬೇಕಾಗುತ್ತದೆ. ಮಗುವನ್ನು ದಲ್ಲಾಳಿಯ ಕೈಗೆ ಕೊಟ್ಟು ‘ನಮಗೇನೂ ಗೊತ್ತಿಲ್ಲ’ ಎನ್ನುವ ದಾರಿ ಮುಚ್ಚುತ್ತದೆ. ಇನ್ನು, ಇದೆಲ್ಲ ಗುಜರಾತು, ಪಂಜಾಬಿನ ಕಡೆಯ ಮಾತು, ನಮಗೇನು ಎನ್ನುವವರಿಗೆ ಒಂದೇ ಉತ್ತರ: ಇಮಿಗ್ರೇಷನ್ ನಿಯಮ ದೇಶಕ್ಕೆಲ್ಲ ಒಂದೇ. ದಿಲ್ಲಿಯಲ್ಲಿ ಕೇಳದ ಪ್ರಶ್ನೆಯನ್ನು ದೇವನಹಳ್ಳಿಯಲ್ಲೂ ಕೇಳುವುದಿಲ್ಲ.

ಇದರ ಇನ್ನೊಂದು ಮುಖವನ್ನು ನಮ್ಮ ಓದುಗರು ಬೇಗ ಗುರುತಿಸಬಲ್ಲರು. ನಾವು ಕೇಳದ ಕಾಗದವನ್ನು ಬೇರೆ ದೇಶ ಕೇಳಿದಾಗ ಬವಣೆ ಪಡುವುದು ನಿರಪರಾಧಿ ಅಜ್ಜಿ. ಉದಾಹರಣೆಗೆ ಫಿಲಿಪ್ಪೀನ್ಸನ್ನೇ ತೆಗೆದುಕೊಳ್ಳಿ. ಅಪ್ಪ-ಅಮ್ಮ ಜೊತೆಗಿಲ್ಲದ, ಅಲ್ಲಿರುವ ಅಪ್ಪ-ಅಮ್ಮನ ಬಳಿಗೂ ಹೋಗುತ್ತಿಲ್ಲದ 15ರೊಳಗಿನ ವಿದೇಶಿ ಮಗುವಿಗೆ ಅಲ್ಲಿನ 1940ರ ವಲಸೆ ಕಾಯ್ದೆ ಪ್ರವೇಶ ನಿರಾಕರಿಸುತ್ತದೆ. ಹೆತ್ತವರ ನೋಟರಿ ಒಪ್ಪಿಗೆ ತೋರಿಸಿ, ಶುಲ್ಕ ಕಟ್ಟಿ ವಿನಾಯಿತಿ ಪಡೆಯಬೇಕು. ವೀಸಾ ಬೇಡವೆಂದು ಖುಷಿಯಿಂದ ಮೊಮ್ಮಗನನ್ನು ಕರೆದುಕೊಂಡು ಹೊರಟ ಅಜ್ಜಿಗೆ ಇದು ತಿಳಿಯುವುದು ಮನಿಲಾದಲ್ಲಿ ಇಳಿದ ಮೇಲೆ.

ಆ ಅಜ್ಜಿ ಅಲ್ಲಿ ‘ಇವನು ನನ್ನ ಮಗನ ಮಗ’ ಎಂದು ಸಾಬೀತು ಮಾಡುವುದಾದರೂ ಹೇಗೆ? ನಮ್ಮ ಕಡೆಯ ಹೆಸರುಗಳ ಪಾಡು ನಮಗೇ ಗೊತ್ತು. ಅಜ್ಜನ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗದಲ್ಲಿ ಊರಿನ ಹೆಸರು. ಅಪ್ಪನದರಲ್ಲಿ ಇನಿಷಿಯಲ್ ಬಿಡಿಸಿ ಬರೆದ ಅಜ್ಜನ ಹೆಸರು. ಮಗುವಿನದರಲ್ಲಿ ಅಪ್ಪನ ಹೆಸರು. ಅಮ್ಮನದು ತವರಿನ ಇನಿಷಿಯಲ್ಲಿನಲ್ಲೇ ಉಳಿದಿದೆ. ಮೂರು ತಲೆಮಾರು ಸಾಲಾಗಿ ನಿಂತರೂ ಒಬ್ಬರ ಕೊನೆಯ ಹೆಸರು ಇನ್ನೊಬ್ಬರಿಗಿಲ್ಲ. ಮನೆತನದ ಹೆಸರು ನೋಡಿ ನೆಂಟಸ್ತಿಕೆ ಗುರುತಿಸುವ ಪರದೇಶದ ಅಧಿಕಾರಿಗೆ ಇವರು ಅಪರಿಚಿತರ ಗುಂಪು. ಆಗ ಅಜ್ಜಿಯ ಕೈಯಲ್ಲಿರುವುದು ಟೈಪಿಂಗ್ ಅಂಗಡಿಯ ಅದೇ ಕಾಗದ, ‘ಸಂಬಂಧಪಟ್ಟವರಿಗೆ’. ಅದರ ಮೇಲಿನ ಸೀಲು ನಿಜವೋ ಸುಳ್ಳೋ ನೋಡಲು ಆ ಅಧಿಕಾರಿ ತೆರೆಯಬಹುದಾದ ಒಂದು ವೆಬ್‌ಸೈಟನ್ನೂ ನಮ್ಮ ಸರ್ಕಾರ ಮಾಡಿಟ್ಟಿಲ್ಲ.

ಹಾಗಾದರೆ ಹೇಗಿರಬೇಕು ನಿಯಮ? ಮಾಡಿ ನೋಡಿದವರಿಂದ ಕಲಿಯಬಹುದು, ಕೆಟ್ಟವರಿಂದಲೂ ಕಲಿಯಬಹುದು.

ಫಿಲಿಪ್ಪೀನ್ಸ್ ತನ್ನ ಮಕ್ಕಳ ಮಟ್ಟಿಗೂ ಬಲು ಬಿಗಿ. 18ರೊಳಗಿನ ಮಗು ತಂದೆತಾಯಿ ಇಲ್ಲದೆ ವಿದೇಶಕ್ಕೆ ಹೋಗಬೇಕಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರಯಾಣ ಅನುಮತಿ ಪತ್ರ ಬೇಕು. ಅಜ್ಜಿ ಜೊತೆಗಿದ್ದರೂ ಬೇಕು. ಮಕ್ಕಳ ರಕ್ಷಣೆಗಾಗಿ 1992ರಲ್ಲಿ ಬಂದ ಕಾಯ್ದೆ, ಸಕಾರಣವಿಲ್ಲದೆ, ಈ ಅನುಮತಿಯಾಗಲಿ ಹೆತ್ತವರ ಬರಹವಾಗಲಿ ಇಲ್ಲದೆ ಮಗು ಒಂಟಿಯಾಗಿ ಹೊರಟರೆ ಅದನ್ನು ಮಕ್ಕಳ ಸಾಗಣೆಯ ಯತ್ನವೆಂದೇ ನೋಡುತ್ತದೆ. ಒಂದು ವರ್ಷದ ಪತ್ರಕ್ಕೆ 300 ಪೆಸೊ, ಎರಡು ವರ್ಷಕ್ಕೆ 600. ಲಕ್ಷಗಟ್ಟಲೆ ಜನ ಹೊರದೇಶದಲ್ಲಿ ದುಡಿಯುವ ನಾಡದು. ಮಕ್ಕಳು ಅಜ್ಜಿಯ ಮಡಿಲಲ್ಲಿ ಬೆಳೆದು ತಾಯಿಯನ್ನು ನೋಡಲು ವಿಮಾನ ಹತ್ತುತ್ತಾರೆ. ಅಲ್ಲಿ ಈ ಬಿಗಿಗೆ ಅರ್ಥವಿದೆ. ಒಂದು ಇಲಾಖೆ ಎದ್ದು ನಿಂತು ‘ಸಂಬಂಧಪಟ್ಟವರು ನಾವೇ’ ಎಂದಿದೆ. ನಾವು ಕಲಿಯಬೇಕಾದದ್ದು ಆ ಒಂದು ಮಾತನ್ನು. ಪ್ರತಿ ಮಗುವಿನ ಕಡತವೂ ಒಂದು ಕಚೇರಿಯ ಮೇಜು ಹಾದುಹೋಗಬೇಕೆಂಬ ಅದರ ಕ್ರಮವನ್ನು ನಮ್ಮ ಜನಸಂಖ್ಯೆಗೆ, ನಮ್ಮ ಕಚೇರಿಗಳ ಚಾಳಿಗೆ ಹಾಗೇ ತಂದರೆ ಮೇ ತಿಂಗಳಲ್ಲಿ ಸಾಲು ರಸ್ತೆಗೆ ಬರುತ್ತದೆ, ಸಾಲಿನ ತುದಿಯಲ್ಲಿ ಬ್ರೋಕರ್ ನಿಲ್ಲುತ್ತಾನೆ.

ದಕ್ಷಿಣ ಆಫ್ರಿಕಾದ್ದು ಕೆಟ್ಟು ಕಲಿಸಿದ ಪಾಠ. ಮಕ್ಕಳ ಸಾಗಣೆ ತಡೆಯುತ್ತೇವೆಂದು 2015ರ ಜೂನ್ 1ರಿಂದ ಅಲ್ಲಿಗೆ ಬರುವ, ಅಲ್ಲಿಂದ ಹೋಗುವ ಪ್ರತಿ ಮಗುವೂ ಹೆತ್ತವರಿಬ್ಬರ ವಿವರವಿರುವ ಪೂರ್ಣ ಜನನ ಪ್ರಮಾಣಪತ್ರ ತರಬೇಕೆಂದರು. ಅಪ್ಪ-ಅಮ್ಮ ಇಬ್ಬರೂ ಪಕ್ಕದಲ್ಲೇ ನಿಂತಿದ್ದರೂ ತರಬೇಕು! ಕಾಗದವಿಲ್ಲದ ಕುಟುಂಬಗಳನ್ನು ವಿಮಾನ ಹತ್ತಿಸಲೇ ಇಲ್ಲ. ಪ್ರವಾಸೋದ್ಯಮ ಬೊಬ್ಬೆ ಹೊಡೆಯಿತು. ಕೊನೆಗೆ 2019ರ ಹೊತ್ತಿಗೆ ವಿದೇಶಿ ಮಕ್ಕಳ ಮಟ್ಟಿಗೆ ನಿಯಮ ಸಡಿಲಿಸಬೇಕಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕತೆ ಅದು.

ನಮಗೆ ಹೊಂದುವ ಅಳತೆ ಇರುವುದು ಫ್ರಾನ್ಸಿನಲ್ಲಿ. ಅಲ್ಲಿ ಮಕ್ಕಳು ದೇಶ ಬಿಡಲು ಬೇಕಿದ್ದ ಒಪ್ಪಿಗೆ ಪತ್ರವನ್ನು 2013ರಲ್ಲಿ, ಇನ್ನು ಬೇಡವೆಂದು ಕೈಬಿಟ್ಟಿದ್ದರು. ಆಮೇಲೆ ಹದಿಹರೆಯದವರು ಮನೆಯಲ್ಲಿ ಹೇಳದೆ ಸಿರಿಯಾದ ಯುದ್ಧಕ್ಕೆ ಹೊರಡತೊಡಗಿದರು. 2017ರ ಜನವರಿ 15ರಿಂದ ಪತ್ರ ವಾಪಸು ಬಂತು. ಬಂದದ್ದು ಮಾತ್ರ ಹಗುರವಾಗಿ: ಒಂದು ಪುಟದ ಉಚಿತ ನಮೂನೆ, ಹೆತ್ತವರಲ್ಲಿ ಒಬ್ಬರ ಸಹಿ, ಅವರ ಗುರುತಿನ ಚೀಟಿಯ ಪ್ರತಿ. ಅಷ್ಟೇ. ಕಚೇರಿಗೆ ಅಲೆಯುವ ಹಾಗಿಲ್ಲ, ಸೀಲಿಲ್ಲ. ಬ್ರೆಜಿಲ್ ಇನ್ನೊಂದು ಜಾಣತನ ಮಾಡಿದೆ. ಅಲ್ಲಿ ಮಗು ಒಬ್ಬರೇ ಪೋಷಕರ ಜೊತೆ ಹೋಗುವುದಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕು. ಆದರೆ ಹೆತ್ತವರು ಬಯಸಿದರೆ ಆ ಒಪ್ಪಿಗೆಯನ್ನು ಪಾಸ್‌ಪೋರ್ಟಿನಲ್ಲೇ ಮುದ್ರಿಸಿಕೊಡುತ್ತಾರೆ. ಪ್ರತಿ ಸಲ ನೋಟರಿಯ ಬಾಗಿಲು ಕಾಯಬೇಕಿಲ್ಲ.

ಇವೆರಡನ್ನೂ ಕೂಡಿಸಿದರೆ ನಮ್ಮ ನಿಯಮದ ಕರಡು ಸಿದ್ಧ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಒಂದು ಪುಟದ ನಮೂನೆ ಇರಲಿ, ಕನ್ನಡದಲ್ಲೂ ಇರಲಿ. ಹೆತ್ತವರು ಮನೆಯಲ್ಲೇ ಕೂತು ಮೊಬೈಲಿಗೆ ಬರುವ ಒಟಿಪಿ ಹಾಕಿ ಸಹಿ ಮಾಡಲಿ. ಮಗು ಯಾರ ಜೊತೆ, ಯಾವ ದೇಶಕ್ಕೆ, ಎಂದಿನಿಂದ ಎಂದಿನವರೆಗೆ ಎಂಬುದು ಮಗುವಿನ ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಳ್ಳಲಿ. ಕೌಂಟರಿನ ಅಧಿಕಾರಿಗೂ, ನಾಳೆ ಇ-ಗೇಟಿಗೂ ಅದು ಕಾಣಲಿ. ಕ್ಯೂಆರ್ ಕೋಡ್ ಇರುವ ಪ್ರತಿಯನ್ನು ಅಜ್ಜಿ ಮನಿಲಾದಲ್ಲೂ ತೋರಿಸಲಿ. ಶುಲ್ಕ ಬೇಡ. ಶಾಲೆ, ಅಕಾಡೆಮಿಗಳ ತಂಡವಾದರೆ ಜೊತೆಗೆ ಹೋಗುವವರ ಹೆಸರುಗಳ ಪಟ್ಟಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಹೋಗಲಿ. ಕೊಲ್ಲಿಗೆ ವರ್ಷಕ್ಕೆ ನಾಲ್ಕು ಸಲ ಓಡಾಡುವ ಮಕ್ಕಳಿಗೆ ವರ್ಷಪೂರ್ತಿಯ ಒಪ್ಪಿಗೆ ಸಿಗಲಿ.

ನಿಯಮ ಬರೆಯುವವರು ಮೂರು ಕಡೆ ಎಡವಬಾರದು.

ಮೊದಲನೆಯದಾಗಿ, ಇದು ಒಂಟಿ ತಾಯಂದಿರ ಕೊರಳಿಗೆ ಹಗ್ಗವಾಗಬಾರದು. ಬಿಟ್ಟುಹೋದ ಗಂಡನ ಸಹಿಗಾಗಿ ಅಲೆಯುವ ಹೆಣ್ಣುಮಕ್ಕಳ ಕಷ್ಟ ಪಾಸ್‌ಪೋರ್ಟ್ ಕಚೇರಿಯ ಬಾಗಿಲಲ್ಲಿ ನಿಂತವರಿಗೆ ಹೊಸದಲ್ಲ. ತಾಯಿಯೂ ಸ್ವಾಭಾವಿಕ ಪೋಷಕಿಯೇ ಎಂದು ಸುಪ್ರೀಂ ಕೋರ್ಟ್ 1999ರ ಗೀತಾ ಹರಿಹರನ್ ಪ್ರಕರಣದಲ್ಲೇ ಹೇಳಿದೆ. ಮದುವೆಯಾಗದ ತಾಯಿ ಮಗುವಿನ ತಂದೆಯ ಹೆಸರು ಹೇಳದೆಯೂ ಪೋಷಕತ್ವ ಪಡೆಯಬಹುದೆಂದು 2015ರಲ್ಲಿ ಹೇಳಿದೆ. ಫ್ರಾನ್ಸಿನಂತೆ ಒಬ್ಬರ ಸಹಿಯೇ ಸಾಕು ಎಂಬುದು ಆರಂಭವಾಗಲಿ. ತಕರಾರಿರುವ ಇನ್ನೊಬ್ಬ ಪೋಷಕರು ಮುಂಚೆಯೇ ಬಂದು ದಾಖಲಿಸಲಿ. ಹೆತ್ತವರೇ ಇಲ್ಲದ ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ ಸಹಿ ಮಾಡಲಿ.

ಎರಡನೆಯದಾಗಿ, ಕಾಗದವಿಲ್ಲದ ಮಗುವನ್ನು, ಅದರ ಜೊತೆ ಬಂದವರನ್ನು ಕಳ್ಳರಂತೆ ಕಾಣಬಾರದು. 2023ರ ಮೇ 30ರಂದು ದಾನಾಪುರ–ಪುಣೆ ರೈಲಿನಿಂದ ಬಿಹಾರದ 59 ಮಕ್ಕಳನ್ನು ಮಹಾರಾಷ್ಟ್ರದ ಭುಸಾವಳ, ಮನ್ಮಾಡ್ ನಿಲ್ದಾಣಗಳಲ್ಲಿ ಇಳಿಸಿದರು. ಮದರಸಾಕ್ಕೆ ಕರೆದೊಯ್ಯುತ್ತಿದ್ದವರ ಮೇಲೆ ಮಕ್ಕಳ ಸಾಗಣೆಯ ಕೇಸು ಬಿತ್ತು, ಅವರು ಜೈಲು ಕಂಡರು. ಮಕ್ಕಳು ಸುಮಾರು ಹನ್ನೆರಡು ದಿನ ಗೊತ್ತಿಲ್ಲದ ಊರಿನ ಆಶ್ರಯಗೃಹಗಳಲ್ಲಿ ಕಳೆದರು. 2024ರ ಮಾರ್ಚಿನಲ್ಲಿ ಪೊಲೀಸರೇ, ಸಾಗಣೆ ಏನೂ ನಡೆದಿರಲಿಲ್ಲ, ತಪ್ಪು ತಿಳಿವಳಿಕೆಯಿಂದ ಹೀಗಾಯಿತೆಂದು ಕೇಸು ಮುಚ್ಚಿದರು. ಹೆತ್ತವರ ಒಪ್ಪಿಗೆ ತೋರಿಸುವ ಸುಲಭದ ದಾರಿ ಇಲ್ಲದ ಕಡೆ ಅನುಮಾನ ಎಲ್ಲಿಗೆ ಮುಟ್ಟುತ್ತದೆ, ಅದರ ಏಟು ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗೆಂದು ಈ ಪತ್ರವನ್ನು ರೈಲು, ಬಸ್ಸುಗಳಿಗೆ ಎಳೆದು ತರುವುದೂ ಬೇಡ. ಅಕ್ಕನ ಊರಿನ ಜಾತ್ರೆಗೆ ಹೋಗುವ ಹುಡುಗನ ಕೈಗೆ ಸರ್ಕಾರಿ ಕಾಗದ ಕೊಡುವಷ್ಟು ನಾವು ಕೆಡಬೇಕಿಲ್ಲ. ಮಾತು ದೇಶದ ಗಡಿಗೆ ಮಾತ್ರ ಸೀಮಿತವಾಗಲಿ. ಅಲ್ಲೂ ಕಾಗದ ಮರೆತು ಬಂದ ಮಗು ಸಿಕ್ಕರೆ ಮೊದಲು ಹೆತ್ತವರಿಗೆ ಒಂದು ಫೋನು, ಸ್ಥಳದಲ್ಲೇ ಒಟಿಪಿ, ಪ್ರಯಾಣ ಮುಂದಕ್ಕೆ. ಫೋನು ಹೋಗದಿದ್ದಾಗ, ಉತ್ತರ ಹೊಂದದಿದ್ದಾಗ ಮಾತ್ರ ಮಕ್ಕಳ ಸಹಾಯವಾಣಿ 1098, ಮಕ್ಕಳ ಕಲ್ಯಾಣ ಸಮಿತಿ.

ಮೂರನೆಯದಾಗಿ, ಇದನ್ನು ರಾತ್ರೋರಾತ್ರಿ ಸುತ್ತೋಲೆಯಲ್ಲಿ ತರಬಾರದು. ಹೊರದೇಶಕ್ಕೆ ಹೋಗುವ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಮೇಲೆಯೇ ನಮ್ಮ ಪಾಸ್‌ಪೋರ್ಟ್ ಕಾಯ್ದೆ ಹುಟ್ಟಿದ್ದು. 1978ರ ಮೇನಕಾ ಗಾಂಧಿ ತೀರ್ಪು ಆ ಮಾತನ್ನು ಇನ್ನಷ್ಟು ಗಟ್ಟಿ ಮಾಡಿತು. ಮಕ್ಕಳಿಗೂ ಆ ಹಕ್ಕಿದೆ. ಕಾನೂನು ಮಾಡಲು ಇದು ಸಕಾಲವೂ ಹೌದು. ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು ಮಾಡಿದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. 1983ರ ಕಾಯ್ದೆಯ ಜಾಗಕ್ಕೆ ತರಬೇಕೆಂದಿರುವ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ ಅದೇ ವರ್ಷದ ಅಕ್ಟೋಬರಿನಲ್ಲಿ ಜನರ ಮುಂದಿಟ್ಟಿತು. ಮನೆಯನ್ನೇ ಹೊಸದಾಗಿ ಕಟ್ಟುತ್ತಿರುವಾಗ ಒಂದು ಕಿಟಕಿ ಇಡುವುದು ಸುಲಭ. ಗೋಡೆ ಎದ್ದ ಮೇಲೆ ಒಡೆಯಬೇಕಾಗುತ್ತದೆ.

ಇಂಥದ್ದೊಂದು ನಿಯಮ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದೇ ನಮ್ಮ ಆತಂಕ. ದುರಂತವೊಂದು ನಡೆದು, ಮಗುವಿನ ಫೋಟೊ ಮುಖಪುಟಕ್ಕೆ ಬಂದು, ಸಂಸತ್ತಿನಲ್ಲಿ ಗದ್ದಲವಾಗಿ, ಒಂದು ವಾರದೊಳಗೆ ಗಾಬರಿಯಲ್ಲಿ ಬರೆದ ನಿಯಮ ದಕ್ಷಿಣ ಆಫ್ರಿಕಾದ್ದರಂತೆ ಇರುತ್ತದೆ. ಅದು ದಲ್ಲಾಳಿಗಳನ್ನು ಹಿಡಿಯುವುದಿಲ್ಲ, ಅಜ್ಜಿಯರನ್ನು ಹಿಡಿಯುತ್ತದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವವರು ಸಾಮಾನ್ಯವಾಗಿ ಒಳಗಿದ್ದವರ ಬೆರಳನ್ನೇ ಬಾಗಿಲಿಗೆ ಸಿಕ್ಕಿಸುತ್ತಾರೆ.

ನಿಯಮ ಬರುವವರೆಗೆ ಹೆತ್ತವರಿಗೆ ಒಂದು ಮಾತು. ಟಿಕೆಟ್ ತೆಗೆಯುವ ಮುಂಚೆ, ಹೋಗುವ ದೇಶವೂ ನಡುವೆ ವಿಮಾನ ಬದಲಿಸುವ ದೇಶವೂ ಒಂಟಿ ಮಕ್ಕಳಿಂದ ಏನು ಕೇಳುತ್ತವೆ ಎಂದು ಅವುಗಳ ರಾಯಭಾರ ಕಚೇರಿಯ ಪುಟದಲ್ಲೇ ನೋಡಿ. ಟ್ರಾವೆಲ್ ಏಜೆಂಟನ ‘ಏನೂ ಆಗಲ್ಲ ಬಿಡಿ ಸರ್’ ಎಂಬ ಮಾತಿಗೆ ಬಿಡಬೇಡಿ. ಒಪ್ಪಿಗೆ ಪತ್ರದಲ್ಲಿ ಇಬ್ಬರ ಸಹಿ, ಇಬ್ಬರ ಪಾಸ್‌ಪೋರ್ಟ್ ಪ್ರತಿ, ಕರೆದೊಯ್ಯುವವರ ಹೆಸರು ಮತ್ತು ನೆಂಟಸ್ತಿಕೆ, ಹೋಗುವ-ಬರುವ ದಿನಾಂಕ, ರಾತ್ರಿಯೂ ಎತ್ತುವ ಫೋನ್ ನಂಬರ್ ಇರಲಿ. ಹೆಸರುಗಳು ಹೊಂದದ ಮನೆಯವರು ಮಗುವಿನ ಜನನ ಪ್ರಮಾಣಪತ್ರ ಮಾತ್ರವಲ್ಲ, ಅಪ್ಪನದೋ ಅಮ್ಮನದೋ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ. ಅಜ್ಜಿಗೂ ಮೊಮ್ಮಗನಿಗೂ ನಡುವಿನ ಕೊಂಡಿ ಇರುವುದು ಅದರಲ್ಲೇ. ಕೆಲವು ದೇಶಗಳು ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮೊಹರು ಕೇಳುತ್ತವೆ. ಅದಕ್ಕೆ ದಿನ ಹಿಡಿಯುತ್ತದೆ, ಹೊರಡುವ ಹಿಂದಿನ ದಿನ ಆಗುವ ಕೆಲಸವಲ್ಲ. ಎಲ್ಲಕ್ಕಿಂತ ಮೊದಲು ಮಗುವಿಗೆ ಅಪ್ಪ-ಅಮ್ಮನ ಪೂರ್ತಿ ಹೆಸರು, ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಕೋಚ್ ಜೊತೆ ಕಳಿಸುವವರು ಸ್ಪರ್ಧೆ ನಡೆಸುವ ಸಂಸ್ಥೆಗೆ ನೀವೇ ಒಂದು ಫೋನು ಮಾಡಿ. ಅಂಥ ಸ್ಪರ್ಧೆ ಇದೆಯೋ ಇಲ್ಲವೋ ಐದು ನಿಮಿಷದಲ್ಲಿ ತಿಳಿಯುತ್ತದೆ.

ಸರ್ಕಾರಕ್ಕೆ ಹೇಳುವುದು ಇನ್ನೂ ಚಿಕ್ಕದು. ಟೈಪಿಂಗ್ ಅಂಗಡಿಯ ಆ ಕಾಗದದ ನೆತ್ತಿಯ ಮೇಲಿನ ಸಾಲನ್ನು ಅಳಿಸಿ, ಅಲ್ಲಿ ಒಂದು ಕಚೇರಿಯ ಹೆಸರು ಬರೆಯಿರಿ. ಮುಂದಿನ ಬೇಸಿಗೆ ರಜೆ ಶುರುವಾಗುವ ಮೊದಲೇ ಬರೆಯಿರಿ.